ಚಿತ್ರದೊಳಗಿನ ನೋಡುಗ: ಕಲಾಕೃತಿಯನ್ನು ನೋಡುವವರ ಚಿತ್ರಗಳು

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಸಹೃದಯನಿಗೆ ದೊರೆತಿರುವ ಸ್ಥಾನವು ಚಿತ್ರಕಲೆಯನ್ನು ಕುರಿತ ಚರ್ಚೆಯಲ್ಲಿ ನೋಡುಗನಿಗೆ ದೊರೆತಿಲ್ಲ. ರಸವು ಎಲ್ಲಿದೆ, ಅನುಕಾರ್ಯನಲ್ಲಿಯೋ ನಟನಲ್ಲಿಯೋ ಪ್ರೇಕ್ಷಕನಲ್ಲಿಯೋ ಎಂಬ ಪ್ರಶ್ನೆಯನ್ನು ಶತಮಾನಗಳ ಕಾಲ ಜಿಜ್ಞಾಸೆಗೆ ಒಳಪಡಿಸಿದ ಪರಂಪರೆಯಲ್ಲಿ ಚಿತ್ರದ ಮುಂದೆ ನಿಂತವನ ಅನುಭವವು ಬಹುಮಟ್ಟಿಗೆ ದೃಷ್ಟಾಂತವಾಗಿಯೇ ಉಳಿದಿದೆ. ಶಂಕುಕನ ಚಿತ್ರತುರಗನ್ಯಾಯ ಇದಕ್ಕೆ ಉತ್ತಮ ನಿದರ್ಶನ. ಚಿತ್ರದಲ್ಲಿರುವ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವ ಅರಿವು ಸಮ್ಯಕ್ ಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ ಎಂದು ವಿವರಿಸುವಾಗ ಅವನ ಲಕ್ಷ್ಯವಿರುವುದು ರಂಗಸ್ಥಳದ ನಟನ ಕಡೆಗೆ. ಕುದುರೆಯ ಚಿತ್ರವನ್ನು ನೋಡುತ್ತ ನಿಂತವನು ಯಾರು, ಅವನು ಅಲ್ಲಿಗೆ ಬಂದದ್ದು ಹೇಗೆ, ಅವನನ್ನು ಒಳಗೆ ಬಿಟ್ಟವರು ಯಾರು ಎಂಬುದು ನ್ಯಾಯದ ವ್ಯಾಪ್ತಿಗೆ ಬರುವುದಿಲ್ಲ.

ಈ ಪ್ರಶ್ನೆಗಳನ್ನು ಎತ್ತಿದವರು ಚಿತ್ರಕಾರರೇ. ಕಲಾಕೃತಿಯನ್ನು ನೋಡುತ್ತಿರುವ ಜನರನ್ನೇ ವಸ್ತುವಾಗಿ ಉಳ್ಳ ಚಿತ್ರಗಳ ಒಂದು ಪರಂಪರೆ ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಆರಂಭದಿಂದ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಮೊಗಲ್ ಚಿತ್ರಶಾಲೆಯಲ್ಲಿ ಅದಕ್ಕೂ ಮೊದಲೇ ಇದರ ಕುರುಹುಗಳಿವೆ. ನೋಟವೆಂಬುದು ಕಣ್ಣಿನ ವ್ಯಾಪಾರ ಮಾತ್ರವಲ್ಲ, ಅದು ಅಧಿಕಾರ, ಒಡೆತನ, ಲಿಂಗ ಮತ್ತು ಅಂತಸ್ತುಗಳಿಂದ ರೂಪುಗೊಂಡ ಒಂದು ಸಾಮಾಜಿಕ ಕ್ರಿಯೆ ಎಂಬುದಕ್ಕೆ ಈ ಕೃತಿಗಳಷ್ಟು ನೇರವಾದ ಸಾಕ್ಷ್ಯ ಬೇರೆಲ್ಲಿಯೂ ಸಿಗಲಾರದು. ಅವುಗಳಲ್ಲಿ ಆಯ್ದ ಕೆಲವನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಅದಕ್ಕೆ ಮುನ್ನ ಸಾಹಿತ್ಯದೊಳಗಿನ ಎರಡು ಸಂದರ್ಭಗಳನ್ನು ನೆನೆಯುವುದು ಉಚಿತ. ಬಸವಪ್ಪಶಾಸ್ತ್ರಿಗಳ ಅನುವಾದದ ಮೂಲಕ ಕನ್ನಡಕ್ಕೆ ಬಹಳ ಹಿಂದೆಯೇ ಆಪ್ತವಾದ ‘ಶಾಕುಂತಲ’ದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರದ ಎದುರು ಕುಳಿತು, ಅವಳ ಮುಖದತ್ತ ಎರಗುವ ದುಂಬಿಯನ್ನು ಗದರಿಸುತ್ತಾನೆ. ಇದು ಚಿತ್ರ ಎಂದು ವಿದೂಷಕನು ಎಚ್ಚರಿಸಬೇಕಾಗುತ್ತದೆ. ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿರುವ ಸಾನುಮತಿಗೂ ಅಲ್ಲಿಯವರೆಗೆ ಅದು ಚಿತ್ರವೆಂಬುದು ಮರೆತುಹೋಗಿರುತ್ತದೆ. ನೋಡುಗನನ್ನು ನೋಡುವ ಮತ್ತೊಬ್ಬ ನೋಡುಗಳನ್ನು ಕಾಳಿದಾಸನು ಇಲ್ಲಿ ತಂದಿರುವುದು ಆಕಸ್ಮಿಕವಲ್ಲ. ಎಚ್ಚರಗೊಂಡ ರಾಜನಿಗೆ ಆಗುವುದು ಸಮಾಧಾನವಲ್ಲ, ಪ್ರಿಯೆ ಮತ್ತೊಮ್ಮೆ ಚಿತ್ರವಾಗಿಬಿಟ್ಟಳಲ್ಲ ಎಂಬ ದುಃಖ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿಯೂ ಲಕ್ಷ್ಮಣನು ತೋರಿಸುವ ಚಿತ್ರಗಳಲ್ಲಿ ತಮ್ಮದೇ ಬದುಕನ್ನು ಕಾಣುವ ಸೀತೆ ಶೂರ್ಪಣಖಿಯ ಚಿತ್ರಕ್ಕೆ ಬೆಚ್ಚಿಬೀಳುತ್ತಾಳೆ. ಚಿತ್ರಗಳನ್ನು ಕಂಡೇ ಅವಳಲ್ಲಿ ಕಾಡನ್ನು ಮತ್ತೆ ನೋಡುವ ಬಯಕೆ ಹುಟ್ಟುತ್ತದೆ, ಆ ಬಯಕೆಯೇ ಪರಿತ್ಯಾಗಕ್ಕೆ ನೆಪವಾಗಿ ಒದಗುತ್ತದೆ. ಎರಡೂ ಕಡೆ ನೋಡುವವರು ಚಿತ್ರದ ಹೊರಗೆ ಉಳಿಯುವುದಿಲ್ಲ. ಯೂರೋಪಿನ ಸಂಗ್ರಹಾಲಯಚಿತ್ರಗಳಲ್ಲಿ ಕಾಣುವ ನೋಡುಗರಿಗೂ ಇವರಿಗೂ ಇರುವ ಅಂತರ ದೊಡ್ಡದು. ಅಲ್ಲಿಯ ನೋಡುಗರು ಚಿತ್ರದಲ್ಲಿ ತಮ್ಮನ್ನು ಮರೆಯುವುದಕ್ಕೆ ಬಂದವರಲ್ಲ.

ಯೂರೋಪಿನ ಈ ಪ್ರಕಾರ ಮೈದಳೆದದ್ದು ಇಂದಿನ ಬೆಲ್ಜಿಯಂನ ಆಂಟ್‌ವೆರ್ಪ್ ನಗರದಲ್ಲಿ. ಇದರ ಹಿನ್ನೆಲೆಯಲ್ಲಿ ಒಂದು ಹಿಂಸೆಯ ನೆನಪಿದೆ. ೧೫೬೬ರ ಆಗಸ್ಟ್‌ನಲ್ಲಿ ಕ್ಯಾಲ್ವಿನ್ ಪಂಥೀಯರ ಗುಂಪುಗಳು ನೆದರ್‌ಲ್ಯಾಂಡ್ಸ್‌ನ ಚರ್ಚುಗಳಿಗೆ ನುಗ್ಗಿ ವಿಗ್ರಹಗಳನ್ನೂ ಚಿತ್ರಗಳನ್ನೂ ನಾಶಪಡಿಸಿದವು. ಆಂಟ್‌ವೆರ್ಪ್‌ನ ಪ್ರಧಾನ ಚರ್ಚೂ ಅದಕ್ಕೆ ಬಲಿಯಾಯಿತು. ೧೫೮೫ರಲ್ಲಿ ನಗರವು ಸ್ಪೇನಿನ ವಶವಾಗಿ ಕ್ಯಾಥೊಲಿಕ್ ಧರ್ಮ ಮರುಸ್ಥಾಪನೆಗೊಂಡ ಮೇಲೆ, ಮುಂದಿನ ತಲೆಮಾರಿನ ಕಿರಿಯ ಫ್ರಾನ್ಸ್ ಫ್ರಾಂಕೆನ್ (೧೫೮೧-೧೬೪೨) ಶ್ರೀಮಂತರ ಮನೆಯ ಕಲಾಸಂಗ್ರಹದ ಕೋಣೆಗಳನ್ನು ಚಿತ್ರಿಸತೊಡಗಿದನು. ಗೋಡೆಯ ತುಂಬ ಚಿತ್ರಗಳು, ಮೇಜಿನ ಮೇಲೆ ಶಂಖ, ನಾಣ್ಯ, ಪದಕಗಳು, ಅವುಗಳ ಸುತ್ತ ಸೇರಿ ಮಾತಾಡುವ ಸಜ್ಜನರು. ಅವನ ಕೆಲವು ಚಿತ್ರಗಳಲ್ಲಿ ಹಿನ್ನೆಲೆಯ ಕಮಾನಿನಾಚೆ ಕತ್ತೆಯ ತಲೆಯುಳ್ಳ ಮನುಷ್ಯರು ಕಲಾಕೃತಿಗಳನ್ನೂ ವಾದ್ಯಗಳನ್ನೂ ಒಡೆದುಹಾಕುತ್ತಿರುತ್ತಾರೆ. ಒಳಗೆ ನೋಡುವವರು, ಹೊರಗೆ ಒಡೆಯುವವರು. ನೋಡಬಲ್ಲವನು ಮನುಷ್ಯ, ನೋಡಲಾರದವನು ಕತ್ತೆ ಎಂಬ ಈ ವಿಭಜನೆಯಲ್ಲಿ ನಾಶದ ಬಗೆಗಿನ ನೈಜ ಭಯವೂ ಇದೆ, ಸಂಸ್ಕೃತಿಯ ಯಜಮಾನಿಕೆಯನ್ನು ಕೈಯಲ್ಲಿಟ್ಟುಕೊಂಡ ವರ್ಗದ ಅಹಂಕಾರವೂ ಇದೆ. ಒಡೆಯುವವರ ತರ್ಕವೇನೆಂಬುದನ್ನು ತಿಳಿಯುವ ಕುತೂಹಲ ಫ್ರಾಂಕೆನ್‌ನಿಗೆ ಇರಲಿಲ್ಲ. ವಿಗ್ರಹಾರಾಧನೆಯ ವಿರುದ್ಧದ ದನಿಗಳನ್ನು ತನ್ನ ಸಾಹಿತ್ಯದ ಮುಖ್ಯ ಧಾರೆಯಲ್ಲಿಯೇ ಉಳ್ಳ ಕನ್ನಡದ ಓದುಗರಿಗೆ ಈ ಕತ್ತೆಯ ತಲೆಗಳು ಅಷ್ಟು ಸುಲಭವಾಗಿ ನಗೆ ತರಿಸಲಾರವು.

ಇದೇ ನಗರದ ವಿಲ್ಲೆಮ್ ವಾನ್ ಹಾಖ್ಟ್ ೧೬೨೮ರಲ್ಲಿ ರಚಿಸಿದ, ವರ್ತಕ ಕಾರ್ನೆಲಿಸ್ ವಾನ್ ದೆರ್ ಗೀಸ್ಟನ ಸಂಗ್ರಹದ ಚಿತ್ರವು ಈಗ ಆಂಟ್‌ವೆರ್ಪ್‌ನ ರೂಬೆನ್ಸ್ ಮನೆಗೆ ಸೇರಿದೆ. ೧೬೧೫ರಲ್ಲಿ ಆಳರಸರಾದ ಆಲ್ಬರ್ಟ್ ಮತ್ತು ಇಸಾಬೆಲ್ಲಾ ಆ ಮನೆಗೆ ಭೇಟಿ ಕೊಟ್ಟ ಸಂದರ್ಭವನ್ನು ಇದು ನೆನಪಿಸುತ್ತದೆ. ಆದರೆ ಚಿತ್ರ ಸಿದ್ಧವಾಗುವ ಹೊತ್ತಿಗೆ ಆಲ್ಬರ್ಟ್ ತೀರಿಕೊಂಡು ಏಳು ವರ್ಷಗಳಾಗಿದ್ದವು. ಅದೇ ಕೋಣೆಯಲ್ಲಿ ನಿಂತಿರುವ ಪೋಲೆಂಡಿನ ರಾಜಕುಮಾರ ಆ ನಗರಕ್ಕೆ ಬಂದದ್ದು ೧೬೨೪ರಲ್ಲಿ. ಎಂದೂ ಒಂದೆಡೆ ಸೇರದವರನ್ನು ಚಿತ್ರಕಾರನು ಒಂದು ನೋಟದ ನೆಪದಲ್ಲಿ ಸೇರಿಸಿದ್ದಾನೆ. ವರ್ತಕನೊಬ್ಬನ ಮನೆಯಲ್ಲಿ ರಾಜದಂಪತಿಗಳು ಕುಳಿತು ಅವನು ತೋರಿಸಿದ್ದನ್ನು ನೋಡುತ್ತಾರೆಂಬುದೇ ಇದರ ಹೆಮ್ಮೆ. ಇಲ್ಲಿ ಮತ್ತೊಂದು ಉಪಯೋಗವೂ ಒದಗಿದೆ: ಯಾನ್ ವಾನ್ ಐಕ್ ಬರೆದ, ಸ್ನಾನದ ಸಿದ್ಧತೆಯಲ್ಲಿರುವ ಹೆಣ್ಣಿನ ಚಿತ್ರವೊಂದರ ಮೂಲ ಕಳೆದುಹೋಗಿದೆ, ಅದು ಹೇಗಿತ್ತೆಂಬುದು ತಿಳಿಯುವುದು ಈ ಗೋಡೆಯ ಮೇಲಿನ ಪುಟ್ಟ ಪ್ರತಿಯಿಂದ ಮತ್ತು ಅಮೆರಿಕದ ಹಾರ್ವರ್ಡ್‌ನಲ್ಲಿರುವ ಇನ್ನೊಂದು ಪ್ರತಿಯಿಂದ. ಮೂಲ ಹಸ್ತಪ್ರತಿ ಕಳೆದು ಉದ್ಧೃತಿಗಳಲ್ಲಿ ಮಾತ್ರ ಉಳಿದ ಕಾವ್ಯಗಳ ಪರಿಚಯವಿರುವ ಗ್ರಂಥಸಂಪಾದಕರಿಗೆ ಈ ಪರಿಸ್ಥಿತಿ ಹೊಸದಲ್ಲ.

ವರ್ತಕನ ಹೆಮ್ಮೆ ಅರಸನ ಕೈಗೆ ಬಂದಾಗ ಪ್ರಕಾರದ ಸ್ವರೂಪವೇ ಬದಲಾಯಿತು. ೧೬೪೭ರಿಂದ ೧೬೫೬ರವರೆಗೆ ಸ್ಪೇನಿನ ಪರವಾಗಿ ಬ್ರಸೆಲ್ಸ್‌ನಲ್ಲಿ ಆಡಳಿತ ನಡೆಸಿದ ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್ಹೆಲ್ಮನ ಸಂಗ್ರಹವನ್ನು ಅವನ ಆಸ್ಥಾನ ಚಿತ್ರಕಾರ ಕಿರಿಯ ಡೇವಿಡ್ ಟೆನಿಯರ್ಸ್ ಹಲವು ಬಾರಿ ಚಿತ್ರಿಸಿದನು. ೧೬೫೧ರ ಸುಮಾರಿನ ಒಂದು ಚಿತ್ರ ವಿಯೆನ್ನಾದಲ್ಲಿದೆ. ಗೋಡೆಯ ಮೇಲೆ ನೆಲದಿಂದ ಸೂರಿನವರೆಗೆ ಚೌಕಟ್ಟಿಗೆ ಚೌಕಟ್ಟು ತಾಗಿದ ಇಟಲಿಯ ಚಿತ್ರಗಳು. ನಡುವೆ ಟೊಪ್ಪಿಗೆ ತೊಟ್ಟ ಆರ್ಚ್‌ಡ್ಯೂಕ್, ಸುತ್ತ ಬರಿದಲೆಯಲ್ಲಿ ನಿಂತ ಪರಿವಾರ. ಆ ಟೊಪ್ಪಿಗೆಯೇ ಚಿತ್ರದ ವ್ಯಾಕರಣ. ಈ ಕೃತಿಗಳ ಬಹುಭಾಗ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಡ್ಯೂಕನ ಸಂಗ್ರಹದಿಂದ ಬಂದವು. ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾದ ೧೬೪೯ರಲ್ಲಿಯೇ ಡ್ಯೂಕನಿಗೂ ಅದೇ ಗತಿಯಾಯಿತು. ಅವನು ಅವನ್ನು ವೆನಿಸ್‌ನಿಂದ ತರಿಸಿಕೊಂಡು ಹೆಚ್ಚು ವರ್ಷಗಳಾಗಿರಲಿಲ್ಲ. ಶಾಂತವಾಗಿ ಕಾಣುವ ಈ ಗೋಡೆಯ ಹಿಂದೆ ಒಂದು ಅಂತರ್ಯುದ್ಧವಿದೆ. ೧೬೫೯ರ ಪಟ್ಟಿಯ ಪ್ರಕಾರ ಸಂಗ್ರಹದಲ್ಲಿದ್ದ ಚಿತ್ರಗಳು ಸುಮಾರು ೧೪೦೦. ಅವುಗಳಲ್ಲಿ ೨೪೩ ಇಟಾಲಿಯನ್ ಚಿತ್ರಗಳನ್ನು ಕೆತ್ತನೆಯ ಮುದ್ರಣಗಳಾಗಿ ಅಳವಡಿಸಿ ಟೆನಿಯರ್ಸ್ ೧೬೬೦ರಲ್ಲಿ ಪುಸ್ತಕವೊಂದನ್ನು ಹೊರತಂದನು. ಚಿತ್ರಸಂಗ್ರಹವೊಂದರ ಸಚಿತ್ರ ಮುದ್ರಿತ ಸೂಚಿಗಳಲ್ಲಿ ಮೊದಲನೆಯದೆಂದು ಅದಕ್ಕೆ ಮಾನ್ಯತೆಯಿದೆ. ಜಾರ್ಜೋನೆಯ ‘ಮೂವರು ತತ್ತ್ವಜ್ಞಾನಿಗಳು’ ಚಿತ್ರದ ಎಡಭಾಗವನ್ನು ಮುಂದೊಮ್ಮೆ ಕತ್ತರಿಸಲಾಗಿದೆ ಎಂಬುದು ಗೊತ್ತಾಗುವುದೂ ಟೆನಿಯರ್ಸ್‌ನ ಪ್ರತಿಯಿಂದಲೇ. ಆದರೂ ಈ ಗೋಡೆಚಿತ್ರಗಳ ಸರಣಿಯಲ್ಲಿ ಒಂದು ಬಗೆಯ ನೀರಸತೆ ಇದೆಯೆಂದು ಹೇಳದೆ ವಿಧಿಯಿಲ್ಲ. ನೋಡುವವರು ನಿಂತಿದ್ದಾರೆ, ಆದರೆ ಯಾರೂ ನಿಜವಾಗಿ ನೋಡುತ್ತಿರುವಂತೆ ತೋರುವುದಿಲ್ಲ.

ವಾತೋ ೧೭೨೦ರಲ್ಲಿ ಬರೆದ ‘ಜೆರ್ಸೆಂನ ಅಂಗಡಿಯ ಫಲಕ’ದಲ್ಲಿ ಇದರ ತದ್ವಿರುದ್ಧ ಸ್ಥಿತಿಯನ್ನು ಕಾಣಬಹುದು. ಇದು ಅರಮನೆಗಾಗಿ ಬರೆದದ್ದಲ್ಲ. ಪ್ಯಾರಿಸ್‌ನ ನೋತ್ರ್ ದಾಮ್ ಸೇತುವೆಯ ಮೇಲಿದ್ದ ಚಿತ್ರವ್ಯಾಪಾರಿಯೊಬ್ಬನ ಅಂಗಡಿಯ ಹೊರಗೆ ನೇತುಹಾಕಲು ಬರೆದದ್ದು. ಕ್ಷಯದಿಂದ ಸವೆಯುತ್ತಿದ್ದ ವಾತೋ ಅದನ್ನು ಎಂಟು ದಿನಗಳಲ್ಲಿ, ಅದೂ ಬೆಳಗಿನ ಹೊತ್ತು ಮಾತ್ರ ಕೂತು ಮುಗಿಸಿದನೆಂದು ಜೆರ್ಸೆಂನೇ ಬರೆದಿದ್ದಾನೆ. ಮರುವರ್ಷ ವಾತೋ ತೀರಿಕೊಂಡನು. ಮೂರು ಮೀಟರಿಗೂ ಮಿಕ್ಕ ಅಗಲದ ಈ ಚಿತ್ರದಲ್ಲಿ ಅಂಗಡಿಯ ಮುಂಗೋಡೆಯೇ ಇಲ್ಲ. ಬೀದಿಯ ಕಲ್ಲುಹಾಸಿನಿಂದ ನೇರವಾಗಿ ಒಳಗೆ ಕಾಲಿಡಬಹುದು. ಎಡಭಾಗದಲ್ಲಿ ಆಳುಗಳು ಹದಿನಾಲ್ಕನೆಯ ಲೂಯಿಯ ಭಾವಚಿತ್ರವನ್ನು ಮರದ ಪೆಟ್ಟಿಗೆಗೆ ಇಳಿಸುತ್ತಿದ್ದಾರೆ. ಅಂಗಡಿಯ ಹೆಸರೇ ‘ಮಹಾ ದೊರೆ’. ದೊರೆ ಸತ್ತು ಐದು ವರ್ಷಗಳಾಗಿವೆ. ಅವನ ಮುಖ ಈಗ ಸಾಗಾಟದ ಸಾಮಾನು. ಗುಲಾಬಿ ಬಣ್ಣದ ಉಡುಪಿನ ಹೆಂಗಸೊಬ್ಬಳು ಹೊಸ್ತಿಲು ದಾಟುತ್ತ, ನೋಡುಗರಿಗೆ ಬೆನ್ನು ತಿರುಗಿಸಿ, ಪೆಟ್ಟಿಗೆಯ ಕಡೆಗೆ ಕಣ್ಣು ಹಾಯಿಸುತ್ತಾಳೆ.

ಬಲಭಾಗದಲ್ಲಿ ನಿಂತಿರುವ ದೊಡ್ಡ ಅಂಡಾಕಾರದ ಚಿತ್ರದಲ್ಲಿ ಸ್ನಾನದ ಹೆಣ್ಣುಗಳಿದ್ದಾರೆ. ಅದರ ಮುಂದೆ ಮುದುಕನೊಬ್ಬ ಮಂಡಿಯೂರಿ, ಕೈಗನ್ನಡಕ ಹಿಡಿದು, ಕೆಳಭಾಗದ ಬೆತ್ತಲೆ ಮೈಗಳನ್ನು ಬಲು ಹತ್ತಿರದಿಂದ ಪರೀಕ್ಷಿಸುತ್ತಿದ್ದಾನೆ. ಮಂಡಿಯೂರುವುದು ಚರ್ಚಿನಲ್ಲಿ ಭಕ್ತಿಯ ಭಂಗಿ; ಇಲ್ಲಿ ಅದನ್ನು ಕಲಾಪರೀಕ್ಷೆಯ ಹೆಸರಿನ ಆಸೆಗೆ ಎರವಲು ಕೊಡಲಾಗಿದೆ. ಅವನ ಪಕ್ಕದ ಹೆಂಗಸು ಅದೇ ಚಿತ್ರದ ಮೇಲ್ಭಾಗವನ್ನು ನೋಡುತ್ತಾಳೆ. ಒಂದೇ ಚಿತ್ರ, ಎರಡು ನೋಟ. ವಾತೋ ಯಾರನ್ನೂ ನಿಂದಿಸುವುದಿಲ್ಲ, ಆದರೆ ಯಾರನ್ನೂ ಬಿಟ್ಟುಬಿಡುವುದೂ ಇಲ್ಲ. ಅಂಗಡಿಯ ಫಲಕವಾಗಿ ಇದು ಹೊರಗಿದ್ದದ್ದು ಸುಮಾರು ಹದಿನೈದು ದಿನ ಮಾತ್ರ. ಕೂಡಲೇ ಕೊಳ್ಳುವವರು ಸಿಕ್ಕಿದರು. ಮುಂದೆ ಪ್ರಷ್ಯಾದ ದೊರೆ ಫ್ರೆಡರಿಕ್‌ನ ವಶಕ್ಕೆ ಬಂದು, ಈಗ ಬರ್ಲಿನ್‌ನ ಶಾರ್ಲೊಟೆನ್‌ಬುರ್ಗ್ ಅರಮನೆಯಲ್ಲಿದೆ. ಬೀದಿಯವರಿಗಾಗಿ ಬರೆದ ಚಿತ್ರವೊಂದು ಅರಮನೆ ಸೇರಿದ ಈ ಕಥನದಲ್ಲಿ ಚಿತ್ರದ ವ್ಯಂಗ್ಯಕ್ಕೆ ಇತಿಹಾಸವೇ ಒಂದು ಸಾಲು ಸೇರಿಸಿದಂತಿದೆ.

ವಾತೋ ಸೂಚಿಸಿದ್ದನ್ನು ಯೋಹಾನ್ ಜೋಫನಿ ಢಾಳಾಗಿ ಬರೆದನು. ಬ್ರಿಟನ್ನಿನ ರಾಣಿ ಶಾರ್ಲೆಟ್ ತಾನು ಕಾಣದ ಫ್ಲಾರೆನ್ಸಿನ ಉಫಿಜಿ ಸಂಗ್ರಹದ ‘ಟ್ರಿಬ್ಯೂನ’ ಎಂಬ ಅಷ್ಟಕೋನದ ಕೋಣೆಯನ್ನು ಬರೆದುತರಲು ೧೭೭೨ರಲ್ಲಿ ಅವನನ್ನು ಕಳಿಸಿದಳು. ೧೭೭೭ರ ಸುಮಾರಿಗೆ ಚಿತ್ರ ಪೂರ್ಣಗೊಂಡಿತು. ರಾಣಿಗೆ ಬೇಕಾಗಿದ್ದದ್ದು ಕೋಣೆ ಮತ್ತು ಕೃತಿಗಳು. ಜೋಫನಿ ಅದರೊಳಗೆ ಫ್ಲಾರೆನ್ಸಿನಲ್ಲಿ ನೆಲಸಿದ್ದ ಹಾಗೂ ಪ್ರವಾಸ ಬಂದಿದ್ದ ಇಂಗ್ಲಿಷ್ ಗಂಡಸರ ದಂಡನ್ನೇ ತುಂಬಿದನು. ಕೋಣೆಯೂ ಇದ್ದಂತೆ ಇಲ್ಲ. ಪಿಟ್ಟಿ ಅರಮನೆಯಿಂದ ಬೇರೆ ಚಿತ್ರಗಳನ್ನು ತರಿಸಿ ಸೇರಿಸಲಾಗಿದೆ. ಟಿಶಿಯನ್ನನ ‘ಉರ್ಬಿನೊದ ವೀನಸ್’ ಗೋಡೆಯಿಂದ ಕೆಳಗಿಳಿದು ಮುಂಭಾಗಕ್ಕೆ ಬಂದಿದೆ. ಅದನ್ನು ಬ್ರಿಟಿಷ್ ರಾಯಭಾರಿ ಹೊರೇಸ್ ಮ್ಯಾನ್ ಮತ್ತಿತರರು ಸುತ್ತುವರಿದಿದ್ದಾರೆ. ಬಲಕ್ಕೆ ಮೆದಿಚಿ ವೀನಸ್ ಶಿಲ್ಪದ ಬೆನ್ನ ಹಿಂದೆ ಗುಂಪುಗೂಡಿದವರಲ್ಲಿ ಒಬ್ಬನ ಕೈಯಲ್ಲಿ ಭೂತಗನ್ನಡಿಯಿದೆ. ಎಡಗಡೆಯಲ್ಲಿ ಜೋಫನಿಯೇ ರಾಫೆಲ್‌ನ ಮಡೊನ್ನಾ ಚಿತ್ರವೊಂದನ್ನು ಎತ್ತಿಹಿಡಿದಿದ್ದಾನೆ. ಅದು ಅವನ ಮೂಲಕ ಲಾರ್ಡ್ ಕೌಪರನ ಕೈಸೇರಿದ ಚಿತ್ರ. ಅಂದರೆ ಚಿತ್ರದೊಳಗೆ ವ್ಯಾಪಾರದ ಜಾಹೀರಾತೂ ಇದೆ. ರಾಣಿಗೆ ಇದು ರುಚಿಸಲಿಲ್ಲ; ತನ್ನ ಕೋಣೆಗಳಲ್ಲಿ ಅದನ್ನು ಇಡಲು ಒಪ್ಪಲಿಲ್ಲವೆಂದು ಚಿತ್ರಕಾರ ಜೋಸೆಫ್ ಫ್ಯಾರಿಂಗ್ಟನ್ ದಿನಚರಿಯಲ್ಲಿ ದಾಖಲಿಸಿದ್ದಾನೆ. ನೋಡುವುದಕ್ಕೆಂದು ಚಿತ್ರ ಬರೆಯಿಸಿದವಳು ಹೆಣ್ಣು. ಅದರೊಳಗೆ ಗೋಡೆಯ ಮೇಲೆ, ಪೀಠದ ಮೇಲೆ ಇರುವವರೂ ಹೆಣ್ಣುಗಳು. ನೋಡುತ್ತಿರುವವರಲ್ಲಿ ಮಾತ್ರ ಒಬ್ಬಳೂ ಇಲ್ಲ.

ಜೋಫನಿಯ ಮುಂದಿನ ಬದುಕು ಈ ಚರ್ಚೆಯನ್ನು ಭಾರತಕ್ಕೆ ತರುತ್ತದೆ. ೧೭೮೩ರಿಂದ ೧೭೮೯ರವರೆಗೆ ಅವನು ಕಲ್ಕತ್ತ ಮತ್ತು ಲಖನೌಗಳಲ್ಲಿ ಇದ್ದನು. ಕೋಲ್ಕತ್ತದ ವಿಕ್ಟೋರಿಯಾ ಸ್ಮಾರಕದಲ್ಲಿರುವ ೧೭೮೬-೮೭ರ ಅವನ ಚಿತ್ರದಲ್ಲಿ ಕರ್ನಲ್ ಪೊಲಿಯೇ ಲಖನೌದ ಮನೆಯಲ್ಲಿ ಗೆಳೆಯರೊಡನೆ ಇದ್ದಾನೆ. ಜೋಫನಿ ಚಿತ್ರ ಬರೆಯುತ್ತಿದ್ದಾನೆ. ಕ್ಲೋಡ್ ಮಾರ್ಟಿನ್ ತನ್ನ ಮನೆಯ ಚಿತ್ರವೊಂದನ್ನು ವೂಂಬ್‌ವೆಲ್‌ಗೆ ತೋರಿಸುತ್ತಿದ್ದಾನೆ. ಭಾರತೀಯ ಸೇವಕರು ಹಣ್ಣು ತರಕಾರಿಗಳೊಡನೆ ನಿಂತಿದ್ದಾರೆ. ಚಿತ್ರ ಬರೆಯುವವರೂ ಚಿತ್ರದ ಬಗ್ಗೆ ಮಾತಾಡುವವರೂ ಯೂರೋಪಿಯನ್ನರು ಮಾತ್ರ. ಇದನ್ನು ಪೊಲಿಯೇನ ಫಾರಸಿ ಪತ್ರಗಳ ಪಕ್ಕದಲ್ಲಿಟ್ಟು ನೋಡಬೇಕು. ಮಿಹ್ರ್ ಚಂದ್ ಎಂಬ ಪರಿಣತ ಭಾರತೀಯ ಚಿತ್ರಕಾರನು ಅವನ ಆಶ್ರಯದಲ್ಲಿದ್ದನು. ಅವನಿಗೆ ಪೊಲಿಯೇ ಕೊಡುತ್ತಿದ್ದ ಸೂಚನೆಗಳು ಆ ಪತ್ರಗಳಲ್ಲಿ ಉಳಿದಿವೆ. ಅಂಥ ಒಬ್ಬ ಚಿತ್ರಕಾರನ ಕಣ್ಣಿಗೆ ಜೋಫನಿಯ ಈ ಕೋಣೆಯಲ್ಲಿ ಜಾಗವಿಲ್ಲ.

ಹಾಗೆ ನೋಡಿದರೆ ಈ ನೆಲದಲ್ಲಿ ನೋಡುಗನ ಚಿತ್ರಣಕ್ಕೆ ಆಗಲೇ ಎರಡು ಶತಮಾನಗಳ ಇತಿಹಾಸವಿತ್ತು. ಹುಮಾಯೂನನ ಆಶ್ರಯದಲ್ಲಿ ಇರಾನಿನಿಂದ ಬಂದ ಅಬ್ದುಸ್ ಸಮದ್ ೧೫೫೦ರ ದಶಕದ ಮೊದಲಾರ್ಧದಲ್ಲಿ ರಚಿಸಿದ ಒಂದು ಚಿತ್ರ ಈಗ ತೆಹರಾನಿನ ಗುಲಿಸ್ತಾನ್ ಅರಮನೆಯ ಸಂಪುಟದಲ್ಲಿದೆ. ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಬಾಲಕ ಅಕ್ಬರನು ತಂದೆಗೆ ಚಿತ್ರವೊಂದನ್ನು ಅರ್ಪಿಸುತ್ತಿದ್ದಾನೆ. ಆ ಚಿತ್ರದಲ್ಲಿ ಇರುವುದೂ ಇದೇ ದೃಶ್ಯ! ಕನ್ನಡಿಯೊಳಗೆ ಕನ್ನಡಿಯಿಟ್ಟಂತಿರುವ ಈ ರಚನೆಯಲ್ಲಿ ಚಮತ್ಕಾರ ಮಾತ್ರವಿಲ್ಲ. ರಾಜ್ಯ ಕಳೆದುಕೊಂಡು ಅದನ್ನು ಮರಳಿ ಪಡೆಯಲು ಹೆಣಗುತ್ತಿದ್ದ ದೊರೆಗೆ ಮಗನು ಅರ್ಪಿಸುವುದು ಅವರಿಬ್ಬರೂ ಒಟ್ಟಿಗಿರುವ ಪಟ.

೧೬೧೪ರ ಸುಮಾರಿನ, ಪ್ಯಾರಿಸ್‌ನ ಗೀಮೆ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಜಹಾಂಗೀರನು ತೀರಿಹೋದ ತಂದೆ ಅಕ್ಬರನ ಭಾವಚಿತ್ರವನ್ನು ಕೈಯಲ್ಲಿ ಹಿಡಿದಿದ್ದಾನೆ. ಪಟದೊಳಗಿನ ಅಕ್ಬರನ ಕೈಯಲ್ಲಿ ಗೋಳವಿದೆ. ಒಂದೇ ಚಿತ್ರದಲ್ಲಿ ಬೇರೆ ಬೇರೆ ಕೈಗಳು ಕೆಲಸ ಮಾಡಿದ್ದರೂ ಮುಖ ಯಾರದು, ಕಣ್ಣು ಹುಬ್ಬು ಯಾರದು ಎಂದು ತಾನು ಹೇಳಬಲ್ಲೆನೆಂದು ಆತ್ಮಕಥನದಲ್ಲಿ ಹೆಮ್ಮೆಯಿಂದ ಬರೆದುಕೊಂಡ ದೊರೆ ಈತ. ಆದರೆ ಇಲ್ಲಿ ಅವನ ನೋಟ ಪರಿಣತನ ನೋಟವಲ್ಲ. ೧೬೦೦ರಲ್ಲಿ ತಂದೆಯ ವಿರುದ್ಧ ಬಂಡೆದ್ದು ಅಲಹಾಬಾದಿನಲ್ಲಿ ಬೇರೆ ದರ್ಬಾರು ನಡೆಸಿದ ಮಗನು, ತಂದೆಯೇ ತನಗೆ ಲೋಕವನ್ನು ಕೊಟ್ಟಂತೆ ಬರೆಯಿಸಿಕೊಂಡಿರುವ ಪಟವಿದು. ಪಶ್ಚಾತ್ತಾಪವೆನ್ನಬೇಕೋ ರಾಜಕಾರಣವೆನ್ನಬೇಕೋ ಎಂಬುದನ್ನು ಮುಖದ ಗೆರೆಗಳು ಹೇಳುವುದಿಲ್ಲ. ದುಷ್ಯಂತನಿಗೆ ಹತ್ತಿರವಾದ ನೋಡುಗನೊಬ್ಬ ಇತಿಹಾಸದಲ್ಲಿ ಇದ್ದರೆ ಅವನು ಈತನೇ: ತಾನು ಅಲ್ಲಗಳೆದವರನ್ನು ಪಟದಲ್ಲಿ ಮರಳಿ ಪಡೆಯುವವನು.

ಅರಮನೆಯ ಬಾಗಿಲುಗಳು ಸಾರ್ವಜನಿಕರಿಗೆ ತೆರೆದ ಮೇಲೆ ನೋಡುಗನ ಚಿತ್ರಕ್ಕೆ ಹೊಸ ಪಾತ್ರಗಳು ಬಂದವು. ಮುಂದೆ ತಂತಿ ಸಂದೇಶದ ಯಂತ್ರದಿಂದ ಹೆಸರಾದ ಸ್ಯಾಮ್ಯುಯೆಲ್ ಮೋರ್ಸ್ ೧೮೩೧-೩೩ರಲ್ಲಿ ಲೂವ್ರ್‌ನ ಒಂದು ಕೋಣೆಯನ್ನು ಬರೆದನು. ೧೮೩೨ರಲ್ಲಿ ಪ್ಯಾರಿಸ್‌ನಲ್ಲಿ ಕಾಲರಾ ಹಬ್ಬಿದ್ದಾಗಲೂ ಅವನು ಕೆಲಸ ಬಿಡಲಿಲ್ಲ. ಯೂರೋಪಿಗೆ ಹೋಗಲಾರದ ಅಮೆರಿಕನ್ನರಿಗೆ ಶ್ರೇಷ್ಠ ಚಿತ್ರಗಳನ್ನು ಒಂದೇ ಕಡೆ ತೋರಿಸುವುದು ಅವನ ಉದ್ದೇಶ. ಮೊನಾಲಿಸಾ ಸೇರಿದಂತೆ ೩೮ ಕೃತಿಗಳನ್ನು ಅವನು ಗೋಡೆಗೆ ತಂದನು. ವಾಸ್ತವದಲ್ಲಿ ಆಗ ಆ ಕೋಣೆಯಲ್ಲಿ ಇದ್ದವು ಸಮಕಾಲೀನ ಫ್ರೆಂಚ್ ಚಿತ್ರಗಳು. ಇಲ್ಲಿ ಟೊಪ್ಪಿಗೆಯ ಅರಸನಿಲ್ಲ. ಮೋರ್ಸ್ ವಿದ್ಯಾರ್ಥಿನಿಯೊಬ್ಬಳ ಹೆಗಲ ಮೇಲಿಂದ ಬಾಗಿ ಪಾಠ ಹೇಳುತ್ತಿದ್ದಾನೆ, ಕಾದಂಬರಿಕಾರ ಫೆನಿಮೋರ್ ಕೂಪರ್ ಹೆಂಡತಿ ಮಗಳೊಡನೆ ಮೂಲೆಯಲ್ಲಿದ್ದಾನೆ, ಹೆಂಗಸರು ಪ್ರತಿ ತೆಗೆಯುತ್ತಿದ್ದಾರೆ. ೧೮೩೩ರಲ್ಲಿ ನ್ಯೂಯಾರ್ಕ್‌ನಲ್ಲಿ ೨೫ ಸೆಂಟ್ ಪ್ರವೇಶಧನವಿಟ್ಟು ಪ್ರದರ್ಶಿಸಿದಾಗ ಜನ ಬರಲಿಲ್ಲ. ಕೊನೆಗೆ ೧೩೦೦ ಡಾಲರಿಗೆ ಮಾರಿದ ಮೋರ್ಸ್ ಕೆಲವು ವರ್ಷಗಳಲ್ಲಿ ಚಿತ್ರಕಲೆಯನ್ನೇ ತೊರೆದನು. ೧೯೮೨ರಲ್ಲಿ ಅದೇ ಚಿತ್ರ ೩೨.೫ ಲಕ್ಷ ಡಾಲರಿಗೆ ಕೈಬದಲಾಯಿಸಿತು.

ಮೋರ್ಸ್‌ನ ಚಿತ್ರದಲ್ಲಿ ಪ್ರತಿ ತೆಗೆಯುವ ಹೆಂಗಸರು ಅಲಂಕಾರಕ್ಕೆ ಬಂದವರಲ್ಲ. ಪ್ಯಾರಿಸ್‌ನ ಸರಕಾರಿ ಕಲಾಶಾಲೆಯಾದ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ೧೮೯೭ರಲ್ಲಿ. ಅಲ್ಲಿಯವರೆಗೆ ಲೂವ್ರ್‌ನ ಗೋಡೆಗಳೇ ಅವರಿಗೆ ಒದಗಿದ ಮುಖ್ಯ ಪಾಠಶಾಲೆಗಳಲ್ಲಿ ಒಂದು. ಅಮೆರಿಕದಿಂದ ೧೮೬೦ರ ದಶಕದಲ್ಲಿ ಬಂದ ಮೇರಿ ಕ್ಯಾಸಟ್ ಅಲ್ಲಿ ಅನುಮತಿಪತ್ರ ಪಡೆದು ಪ್ರತಿ ತೆಗೆದು ಕಲಿತವಳು. ಅವಳ ಗೆಳೆಯ ದೆಗಾ ೧೮೭೯-೮೦ರ ಹೊತ್ತಿಗೆ ಅವಳನ್ನು ಲೂವ್ರ್‌ನಲ್ಲಿ ನೋಡುಗಳಾಗಿ ಮತ್ತೆ ಮತ್ತೆ ಚಿತ್ರಿಸಿದನು. ಕ್ಯಾಸಟ್ ಎಂದೇ ಗುರುತಿಸಲಾಗುವ ಹೆಂಗಸಿರುವ ತೈಲಚಿತ್ರಗಳಲ್ಲಿ ಗೋಡೆಯ ಮೇಲಿನ ಕೃತಿಗಳು ಬಣ್ಣದ ಮಸುಕು ಚೌಕಗಳಷ್ಟೇ. ಯಾವ ಚಿತ್ರ, ಯಾರ ಚಿತ್ರ ಎಂದು ಹೇಳಲಾಗದು. ಟೆನಿಯರ್ಸ್‌ನಲ್ಲಿ ಗೋಡೆಯೇ ಎಲ್ಲವೂ ಆಗಿದ್ದರೆ ಇಲ್ಲಿ ನೋಡುವ ಮೈಯೇ ಎಲ್ಲವೂ. ಎಟ್ರುಸ್ಕನ್ ಕೋಣೆಯ ಮುದ್ರಣಚಿತ್ರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರಾಚೀನ ಶವಪೆಟ್ಟಿಗೆಯ ಮೇಲೆ ಒರಗಿದ ದಂಪತಿಗಳ ಶಿಲ್ಪವಿದೆ. ಕ್ಯಾಸಟ್ ಕೊಡೆಯ ಮೇಲೆ ಭಾರ ಬಿಟ್ಟು, ಬೆನ್ನು ತಿರುಗಿಸಿ ನಿಂತಿದ್ದಾಳೆ. ಪಕ್ಕದಲ್ಲಿ ಕುಳಿತ ಅಕ್ಕ ಲಿಡಿಯಾಳ ಮುಖಕ್ಕೆ ಮಾರ್ಗದರ್ಶಿ ಪುಸ್ತಕ ಅಡ್ಡವಾಗಿದೆ. ಜೋಫನಿಯ ಗಂಡಸರಂತೆ ಇವಳ ಕೈಯಲ್ಲಿ ಭೂತಗನ್ನಡಿಯಿಲ್ಲ, ಇವಳ ಸುತ್ತ ಗುಂಪಿಲ್ಲ. ಇವಳು ಏನು ಕಂಡಳೆಂಬುದನ್ನು ತಿಳಿಯಲು ಮುಖವೂ ಕಾಣುವುದಿಲ್ಲ.